ಬೆಕ್ಕಿನ ಕೆಫೆಯಲ್ಲಿ ಮನೆಗೊಂದು ಬೆಕ್ಕು ಹುಡುಕೋದು ಹೇಗೆ?

ಬೆಕ್ಕಿನ ಕೆಫೆ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗೋದು ಕಾಫಿ, ಫೋಟೋ, ಒಂದು ಗಂಟೆಯ ಖುಷಿ. ಅದೂ ಸರಿಯೇ. ಆದರೆ ಈಗ ಬೆಂಗಳೂರಿನಂಥ ಊರುಗಳಲ್ಲಿ ಕಾಣಸಿಗುವ ಇನ್ನೊಂದು ಬಗೆಯ ಕೆಫೆ ಇದೆ. ಅಲ್ಲಿ ನಿಮ್ಮ ಕಾಲಿಗೆ ಮೈ ಸವರಿಕೊಂಡು ಹೋಗುವ ಪ್ರತಿ ಬೆಕ್ಕೂ ಬೀದಿಯಿಂದಲೋ, ಕಟ್ಟುತ್ತಿರುವ ಕಟ್ಟಡದ ಒಳಗಿಂದಲೋ, ಯಾರದೋ ಕಾರಿನ ಬಾನೆಟ್ ಒಳಗಿಂದಲೋ ಎತ್ತಿ ತಂದದ್ದು. ಪ್ರತಿಯೊಂದಕ್ಕೂ ಒಂದು ಮನೆ ಬೇಕಾಗಿದೆ. ಇಷ್ಟವಾದರೆ ದತ್ತು ಪಡೆಯಬಹುದು. ಇದು ಹೇಗೆ ನಡೆಯುತ್ತದೆ, ಅಲ್ಲಿ ಏನು ನೋಡಬೇಕು, ಮನೆಗೆ ಬಂದಮೇಲೆ ಏನು ಅಂತ ಬಿಡಿಸಿ ಹೇಳುತ್ತೇನೆ.

ಜಗತ್ತಿನ ಮೊದಲ ಬೆಕ್ಕಿನ ಕೆಫೆ ಎಂದು ಹೆಸರಾದದ್ದು ಶುರುವಾಗಿದ್ದು 1998ರಲ್ಲಿ, ತೈವಾನ್‌ನ ತೈಪೆ ನಗರದಲ್ಲಿ. ಜಪಾನಿನ ಮೊದಲ ಕೆಫೆ 2004ರಲ್ಲಿ ಒಸಾಕಾದಲ್ಲಿ ಬಂತು. ಅಲ್ಲಿ ಬಾಡಿಗೆ ಮನೆಗಳಲ್ಲಿ ಪ್ರಾಣಿ ಸಾಕಲು ಬಿಡುವುದು ಕಡಿಮೆ. ಹಾಗಾಗಿ ಬೆಕ್ಕು ಮುಟ್ಟುವ ಆಸೆ ಇರುವವರು ಕೆಫೆಗೆ ಹೋಗುತ್ತಿದ್ದರು, ಬೆಕ್ಕುಗಳು ಕೆಫೆಯಲ್ಲೇ ಉಳಿಯುತ್ತಿದ್ದವು. ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ 2014ರಲ್ಲಿ ತೆರೆದ ಕ್ಯಾಟ್ ಟೌನ್ ಈ ಲೆಕ್ಕವನ್ನೇ ಬದಲಾಯಿಸಿತು. ಬೆಕ್ಕು ಕೆಫೆಗೆ ಬರೋದೇ ಅಲ್ಲಿಂದ ಒಂದು ಮನೆಗೆ ಹೋಗೋದಕ್ಕೆ. ನಮ್ಮ ದೇಶದಲ್ಲಿ ಮುಂಬೈನ ವರ್ಸೋವಾದಲ್ಲೂ ಹೀಗೆ ಕಾಪಾಡಿ ತಂದ ಬೆಕ್ಕುಗಳ ಕೆಫೆ ಬಂತು.

ಕೆಫೆಯೇ ಯಾಕೆ ಬೇಕು, ಪ್ರಾಣಿಗಳ ಆಶ್ರಯತಾಣ ಸಾಲದೇ? ಸಾಲದು. ಇದಕ್ಕೆ ಬೆಕ್ಕಿನ ಸ್ವಭಾವವೇ ಕಾರಣ. ನಾಯಿಯನ್ನು ಹೊಸ ಜಾಗದಲ್ಲಿ ಬಿಟ್ಟರೆ ಅದು ಬಂದವರ ಮುಖ ನೋಡಿ ಬಾಲ ಅಲ್ಲಾಡಿಸುತ್ತದೆ. ಬೆಕ್ಕಿಗೆ ಜನಕ್ಕಿಂತ ಮೊದಲು ಜಾಗ ಮುಖ್ಯ. ತನ್ನ ವಾಸನೆ ಇಲ್ಲದ ಜಾಗದಲ್ಲಿ, ಪಂಜರದಲ್ಲಿ, ಪಕ್ಕದಲ್ಲಿ ನಾಯಿ ಬೊಗಳುತ್ತಿದ್ದರೆ ಅದು ಮೂಲೆಯಲ್ಲಿ ಮುದುರಿ ಕೂರುತ್ತದೆ. ಊಟ ಬಿಡುತ್ತದೆ. ನೋಡಲು ಬಂದವರು 'ಇದ್ಯಾಕೋ ಮಂಕಾಗಿದೆ' ಅಂತ ಮುಂದೆ ಹೋಗುತ್ತಾರೆ. ಅದೇ ಬೆಕ್ಕನ್ನು ಕಿಟಕಿ, ಹತ್ತಲು ಹಲಗೆ, ಬಚ್ಚಿಟ್ಟುಕೊಳ್ಳಲು ಡಬ್ಬ ಇರುವ ಕೋಣೆಯಲ್ಲಿ ಬಿಡಿ. ಕೆಲವು ದಿನಗಳಲ್ಲಿ ಅದರ ನಿಜವಾದ ಗುಣ ಹೊರಗೆ ಬರುತ್ತದೆ. ಕೆಫೆಯ ದೊಡ್ಡ ಉಪಯೋಗ ಇದೇ: ಬೆಕ್ಕು ಬೆಕ್ಕಿನ ಹಾಗೆ ಇರುವುದನ್ನು ನೀವು ನೋಡಬಹುದು.

ಇನ್ನೊಂದು ಕಾರಣ ಸಂಖ್ಯೆ. ಬೆಕ್ಕಿನ ಗರ್ಭದ ಅವಧಿ ಸುಮಾರು 63ರಿಂದ 65 ದಿನ. ಹೆಣ್ಣು ಮರಿಗೆ ನಾಲ್ಕೈದು ತಿಂಗಳಾದರೆ ಸಾಕು, ತಾನೇ ಗರ್ಭ ಧರಿಸಬಲ್ಲದು. ಹಾಲು ಕುಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರುವುದೂ ಉಂಟು. ಬೆಕ್ಕಿನ ಬೆದೆ ಹಗಲಿನ ಉದ್ದಕ್ಕೆ ಹೊಂದಿಕೊಂಡಿರುತ್ತದೆ. ಚಳಿ ದೇಶಗಳಲ್ಲಿ ಚಳಿಗಾಲದ ಹಗಲು ಚಿಕ್ಕದಾಗುವುದರಿಂದ ಮರಿ ಹುಟ್ಟುವುದಕ್ಕೆ ಬಿಡುವು ಸಿಗುತ್ತದೆ. ಬೆಂಗಳೂರು ಇರೋದು ಸಮಭಾಜಕದಿಂದ 13 ಡಿಗ್ರಿ ಉತ್ತರದಲ್ಲಿ. ಇಲ್ಲಿ ಡಿಸೆಂಬರ್ ಹಗಲಿಗೂ ಜೂನ್ ಹಗಲಿಗೂ ಅಂಥ ವ್ಯತ್ಯಾಸ ಇಲ್ಲ. ಹಾಗಾಗಿ ವರ್ಷದ ಹೆಚ್ಚಿನ ಭಾಗ ಮರಿಗಳು ಹುಟ್ಟುತ್ತಲೇ ಇರುತ್ತವೆ. ತಾರಸಿ ಮೇಲೆ, ನೀರಿನ ಟ್ಯಾಂಕ್ ಹಿಂದೆ, ಅಂಗಡಿಯ ಗೋದಾಮಿನಲ್ಲಿ. ಎತ್ತಿಕೊಂಡು ಬಂದವರು ತಮ್ಮ ಮನೆಯ ಬಾತ್‌ರೂಮಿನಲ್ಲೋ ಪುಟ್ಟ ಕೋಣೆಯಲ್ಲೋ ಸಾಕುತ್ತಾರೆ. ಇವರನ್ನೇ ಫಾಸ್ಟರ್ ಅನ್ನುತ್ತಾರೆ. ಒಂದು ಬೆಕ್ಕು ಕೆಫೆಗೆ ಹೋಗಿ ಅಲ್ಲಿಂದ ಮನೆ ಸೇರಿದರೆ ಆ ಕೋಣೆ ಇನ್ನೊಂದು ಮರಿಗೆ ಖಾಲಿಯಾಗುತ್ತದೆ.

ಕೆಫೆಗೆ ಬಿಡುವ ಮೊದಲು ಒಂದಿಷ್ಟು ಕೆಲಸ ಆಗಿರಬೇಕು. ಹೊಸ ಬೆಕ್ಕನ್ನು ಎರಡು ವಾರವಾದರೂ ಬೇರೆ ಇಟ್ಟು ನೋಡಬೇಕು. ಇದಕ್ಕೆ ಕಾರಣ ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ಕಾಯಿಲೆ. ಲಸಿಕೆ ಆಗದ ಮರಿಗಳನ್ನು ಇದು ಎರಡು ಮೂರು ದಿನದಲ್ಲಿ ಕೊಲ್ಲಬಲ್ಲದು. ಈ ವೈರಸ್ ಸಾಮಾನ್ಯ ಸೋಪಿಗೆ ಜಗ್ಗುವುದಿಲ್ಲ, ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಕೆಫೆಯಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು ಒಳಗೆ ಬನ್ನಿ ಅನ್ನೋದು ಸುಮ್ನೆ ಶಿಸ್ತಿಗಲ್ಲ. ಬೀದಿಯ ವೈರಸ್ ಒಳಗೆ ಬರುವುದೇ ನಮ್ಮ ಕಾಲು, ಕೈಗಳಿಂದ. ಇದರ ಲಸಿಕೆ ಆರರಿಂದ ಎಂಟು ವಾರದ ವಯಸ್ಸಿಗೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ, ಮರಿಗೆ 16 ವಾರ ಆಗುವವರೆಗೆ ಕೊಡಬೇಕು. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಜೊತೆಗೆ ಜಂತುಹುಳದ ಔಷಧಿ. ರಕ್ತ ಪರೀಕ್ಷೆಯಲ್ಲಿ ಎರಡು ವೈರಸ್‌ಗಳನ್ನು ಹುಡುಕುತ್ತಾರೆ. ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ಎಫ್‌ಐವಿ ಕಚ್ಚಾಟದ ಗಾಯದಿಂದ ಹರಡುವುದು ಜಾಸ್ತಿ. ಎಫ್‌ಇಎಲ್‌ವಿ, ಅಂದರೆ ಬೆಕ್ಕಿನ ಲ್ಯುಕೇಮಿಯಾ ವೈರಸ್, ಒಂದೇ ತಟ್ಟೆಯಲ್ಲಿ ತಿಂದರೂ, ಒಂದನ್ನೊಂದು ನೆಕ್ಕಿದರೂ ಹರಡಬಲ್ಲದು. ಎರಡೂ ಮನುಷ್ಯರಿಗೆ ಬರುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಈಗಾಗಲೇ ಬೆಕ್ಕಿದ್ದರೆ ಈ ಪರೀಕ್ಷೆಯ ಫಲಿತಾಂಶ ಕೇಳಲೇಬೇಕು.

ಇದೆಲ್ಲ ಕೇಳಿದರೆ ಸಿಬ್ಬಂದಿ ಥಟ್ಟನೆ ಹೇಳಬೇಕು. ಒಳ್ಳೆಯ ಕೆಫೆಯ ಗುರುತೇ ಅದು. ಪ್ರತಿ ಬೆಕ್ಕಿನ ಹೆಸರು, ಎಲ್ಲಿಂದ ಬಂತು, ಏನು ತಿನ್ನುತ್ತದೆ, ಯಾವ ಬೆಕ್ಕಿನ ಜೊತೆ ಜಗಳ ಎಂಬುದೆಲ್ಲ ಅವರಿಗೆ ಬಾಯಿಪಾಠ ಆಗಿರುತ್ತದೆ. ಇನ್ನೊಂದು ಗುರುತು, ಜನ ಹೋಗಲಾಗದ ಒಂದು ಕೋಣೆ. ಸಾಕಪ್ಪ ಅನ್ನಿಸಿದಾಗ ಬೆಕ್ಕು ಎದ್ದು ಹೋಗಲು ಒಂದು ಪುಟ್ಟ ಬಾಗಿಲು ಇರಬೇಕು. ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಮಾಡುವ ಪ್ರಾಣಿ. ಬಂದವರೆಲ್ಲ ಎಬ್ಬಿಸುತ್ತಾ ಹೋದರೆ ಅದರ ಗತಿ? ಅಂಥ ಕೋಣೆ ಇಲ್ಲದ, ಗಿರಾಕಿಗಳು ಬೆಕ್ಕನ್ನು ಕೈಯಿಂದ ಕೈಗೆ ದಾಟಿಸುವ ಕೆಫೆಗೆ ನಾನು ಯಾರನ್ನೂ ಕಳಿಸುವುದಿಲ್ಲ. ಪರ್ಷಿಯನ್ ಮರಿಗಳನ್ನು ಗಾಜಿನ ಹಿಂದೆ ಇಟ್ಟು ಬೆಲೆ ಹೇಳುವ ಜಾಗವೂ ಬೇಡ. ಅದು ಅಂಗಡಿ. ಅದಕ್ಕೆ 2018ರ ಪೆಟ್ ಶಾಪ್ ನಿಯಮಗಳೇ ಬೇರೆ ಇವೆ.

ಸರಿ, ಒಳಗೆ ಹೋದಿರಿ. ಸಮಯ ಮೊದಲೇ ಕಾದಿರಿಸಿಕೊಂಡು ಹೋಗುವುದು ಒಳ್ಳೆಯದು. ಒಳಗೆ ಹೋಗಲು ಶುಲ್ಕ ಇರುತ್ತದೆ. ಬೆಕ್ಕುಗಳ ಊಟ, ಲಿಟರ್ (ಅವುಗಳ ಮಲಮೂತ್ರಕ್ಕೆ ಟ್ರೇನಲ್ಲಿ ಹಾಕುವ ಮರಳಿನಂಥ ಪುಡಿ), ಡಾಕ್ಟರ್ ಖರ್ಚು ನಡೆಯುವುದು ಬಹುಮಟ್ಟಿಗೆ ಅದರಿಂದಲೇ. ಬಾಗಿಲು ಎರಡಿದ್ದರೆ ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆಗೆಯಿರಿ. ಆಮೇಲೆ ನೀವು ಮಾಡಬೇಕಾದ ದೊಡ್ಡ ಕೆಲಸ ಒಂದೇ: ನೆಲದ ಮೇಲೆ ಕೂರುವುದು.

ನಿಂತಿರುವ ಮನುಷ್ಯ ಬೆಕ್ಕಿನ ಕಣ್ಣಿಗೆ ದೊಡ್ಡ ಪ್ರಾಣಿ. ಕೂತವನು ಅಷ್ಟು ಭಯ ಹುಟ್ಟಿಸುವುದಿಲ್ಲ. ಕೂತು, ಒಂದು ಬೆರಳನ್ನು ಅದರ ಮೂಗಿನ ಮಟ್ಟಕ್ಕೆ ಚಾಚಿ, ಸುಮ್ಮನಿರಿ. ಬೆಕ್ಕು ಬಂದು ಮೂಸುತ್ತದೆ. ಇಷ್ಟವಾದರೆ ಕೆನ್ನೆಯನ್ನು ನಿಮ್ಮ ಬೆರಳಿಗೆ ಉಜ್ಜುತ್ತದೆ. ಕೆನ್ನೆ, ಗಲ್ಲ, ಕಿವಿಯ ಬುಡದಲ್ಲಿ ವಾಸನೆಯ ಗ್ರಂಥಿಗಳಿವೆ. ಅಲ್ಲಿ ಸವರಿದರೆ ಬಹುತೇಕ ಬೆಕ್ಕುಗಳಿಗೆ ಹಿತ. ಹೊಟ್ಟೆ ಮತ್ತು ಬಾಲದ ಬುಡ ಬೇಡ. ಮಗ್ಗುಲಾಗಿ ಹೊಟ್ಟೆ ತೋರಿಸಿತು ಅಂದರೆ 'ನಿನ್ನ ಮೇಲೆ ನಂಬಿಕೆ ಇದೆ' ಅಂತ ಅಷ್ಟೇ, ಮುಟ್ಟು ಅಂತಲ್ಲ. ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ. ಮತ್ತೆ ತಾನೇ ಹತ್ತಿರ ಬಂದರೆ ಮುಂದುವರಿಸಿ. ಬಾಲ ನೆಟ್ಟಗೆ ನಿಂತು ತುದಿ ಮಾತ್ರ ಬಾಗಿದ್ದರೆ ಸ್ನೇಹ. ಬಾಲ ಪಟಪಟ ಹೊಡೆಯುತ್ತಿದ್ದರೆ, ಬೆನ್ನಿನ ಚರ್ಮ ಅದುರಿದರೆ, ಕಿವಿ ಪಕ್ಕಕ್ಕೆ ತಿರುಗಿದರೆ ಸಾಕು ಅಂತ ಅರ್ಥ.

ಕಣ್ಣಿನ ಮಾತೂ ಇದೆ. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಮನುಷ್ಯರು ನಿಧಾನವಾಗಿ ಕಣ್ಣು ಕಿರಿದು ಮಾಡಿ ಮುಚ್ಚಿ ತೆರೆದರೆ ಬೆಕ್ಕುಗಳೂ ಹಾಗೇ ಮಾಡುತ್ತವೆ. ಹಾಗೆ ಮಾಡಿದ ಅಪರಿಚಿತರ ಚಾಚಿದ ಕೈ ಹತ್ತಿರ ಹೋಗುವುದೂ ಹೆಚ್ಚಂತೆ. ಕೆಫೆಯಲ್ಲಿ ಇದನ್ನು ಮಾಡಿ ನೋಡಿ. ದಿಟ್ಟಿಸಿ ನೋಡಿದರೆ ಮುಖ ತಿರುಗಿಸುವ ಬೆಕ್ಕು ಇದಕ್ಕೆ ಉತ್ತರ ಕೊಡುತ್ತದೆ. ಲಂಡನ್ನಿನ ಬ್ಯಾಟರ್‌ಸೀ ಆಶ್ರಯತಾಣದ ಬೆಕ್ಕುಗಳ ಜೊತೆ ಜನರನ್ನು ಬಿಟ್ಟು ನೋಡಿದ ಇನ್ನೊಂದು ಅಧ್ಯಯನ 2022ರಲ್ಲಿ ಬಂತು. 'ನನಗೆ ಬೆಕ್ಕು ಚೆನ್ನಾಗಿ ಗೊತ್ತು' ಅಂದುಕೊಂಡವರೇ ಬೆಕ್ಕಿಗೆ ಇಷ್ಟವಿಲ್ಲದ ಜಾಗ ಹೆಚ್ಚು ಮುಟ್ಟಿದ್ದರು. ಹಾಗಾಗಿ ಮನೆಯಲ್ಲಿ ಬೆಕ್ಕು ಸಾಕಿ ಬೆಳೆದವರೂ ಈ ಮೂರು ಸೆಕೆಂಡಿನ ಪಾಠ ಮರೆಯಬಾರದು.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ಮೊದಲ ಸಲ ಬೆಕ್ಕು ಸಾಕುವವರು ಮರಿಯನ್ನು ಬಿಟ್ಟು, ಎರಡು ಮೂರು ವರ್ಷದ ದೊಡ್ಡ ಬೆಕ್ಕನ್ನು ನೋಡಿ.

ಶನಿವಾರ ಸಂಜೆ ಇಂಥ ಕೆಫೆಗೆ ಹೋದರೆ ನೋಟ ಹೆಚ್ಚು ಕಡಿಮೆ ಒಂದೇ. ಎಲ್ಲರೂ ಮರಿಗಳ ಸುತ್ತ. ಗರಿ ಕಟ್ಟಿದ ಕೋಲು ಹಿಡಿದು ಕುಣಿಸುವವರು, ವಿಡಿಯೋ ಮಾಡುವವರು. ಅಂಥ ಒಂದು ಸಂಜೆ ಗೋಡೆಯ ಮೇಲಿನ ಹಲಗೆಯಲ್ಲಿ ಒಂದು ಪಟ್ಟೆ ಬೆಕ್ಕು ಮುಂಗಾಲು ಮಡಚಿಕೊಂಡು ಕೂತಿತ್ತು. ಎಡಗಿವಿಯ ತುದಿ ಕತ್ತರಿಸಿತ್ತು. ಬೀದಿಯಲ್ಲಿದ್ದಾಗ ಮರಿಯಾಗದ ಹಾಗೆ ಆಪರೇಷನ್ ಆಗಿದೆ ಅಂತ ತಿಳಿಯಲು ಮಾಡುವ ಗುರುತು ಅದು. ಯಾರೂ ಅದರ ಕಡೆ ನೋಡಲಿಲ್ಲ. ಕೆಳಗೆ ಗೋಡೆಗೊರಗಿ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಮಗಳ ಜೊತೆ ಬಂದವರು, ಬೆಕ್ಕಿನ ಗೊಡವೆ ಅವರಿಗಿರಲಿಲ್ಲ. ಅವರು ಬ್ಯಾಗಿನಿಂದ ನೂಲು ತೆಗೆದು ಕ್ರೋಶಾ ಹಾಕತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಪಟ್ಟೆ ಬೆಕ್ಕು ಒಂದು ಹಲಗೆ ಇಳಿಯಿತು. ನಿಂತು ನೋಡಿತು. ಇನ್ನೊಂದು ಇಳಿಯಿತು. ಅವರ ಸೀರೆ ಸೆರಗಿನ ತುದಿ ಮೂಸಿ, ನೂಲಿನ ಉಂಡೆಯನ್ನು ಮುಟ್ಟದೆ, ಅವರ ಮೊಣಕಾಲಿಗೆ ಬೆನ್ನು ಆನಿಸಿ ಕೂತಿತು.

"ನೋಡಮ್ಮ, ಇದು ಏನೂ ಕೇಳ್ತಿಲ್ಲ, ಸುಮ್ನೆ ಕೂತಿದೆ" ಅಂದರು ಅವರು, ಸಿಬ್ಬಂದಿ ಹುಡುಗಿಗೆ.

"ಅದು ಹಾಗೇನೇ ಆಂಟಿ. ಗಲಾಟೆ ಇದ್ರೆ ಬರಲ್ಲ. ಯಾರಾದ್ರೂ ಸುಮ್ನೆ ಕೂತ್ರೆ ಪಕ್ಕಕ್ಕೆ ಬರತ್ತೆ. ಮನೇಲೂ ಹಾಗೇ ಇರತ್ತೆ."

'ಮನೇಲೂ ಹಾಗೇ ಇರತ್ತೆ' ಅಂತ ಆ ಹುಡುಗಿ ಧೈರ್ಯವಾಗಿ ಹೇಳಿದಳು. ಮರಿಯ ಬಗ್ಗೆ ಯಾರೂ ಹಾಗೆ ಹೇಳಲಾರರು. ಎರಡು ತಿಂಗಳ ಮರಿಗಳೆಲ್ಲ ಆಡುತ್ತವೆ, ಎಲ್ಲವೂ ಮುದ್ದು. ದೊಡ್ಡದಾದ ಮೇಲೆ ಯಾವುದು ಮಡಿಲಿಗೆ ಬರುತ್ತದೆ, ಯಾವುದು ದೂರ ಇರುತ್ತದೆ ಅಂತ ಹೇಳಲು ಬರುವುದಿಲ್ಲ. ಮರಿ ಎರಡರಿಂದ ಏಳು ವಾರದ ನಡುವೆ ಮನುಷ್ಯರ ಕೈ ಎಷ್ಟು ಕಂಡಿದೆ ಎಂಬುದರ ಮೇಲೆ ಅದರ ಧೈರ್ಯ ಬಹಳಷ್ಟು ನಿಂತಿರುತ್ತದೆ. ನೀವು ನೋಡುವ ಹೊತ್ತಿಗೆ ಆ ಕಾಲ ಮುಗಿದಿರುತ್ತದೆ. ದೊಡ್ಡ ಬೆಕ್ಕಿನ ಗುಣ ಕಣ್ಣೆದುರೇ ಇರುತ್ತದೆ. ಆಪರೇಷನ್ ಆಗಿರುತ್ತದೆ. ರಾತ್ರಿ ಮೂರು ಗಂಟೆಗೆ ಪರದೆ ಹತ್ತುವ ವಯಸ್ಸು ದಾಟಿರುತ್ತದೆ. ಮರಿಯೇ ಬೇಕು ಅನ್ನುವವರು ಎರಡನ್ನು ಒಟ್ಟಿಗೆ ತೆಗೆದುಕೊಳ್ಳಿ. ಇಡೀ ದಿನ ಮನೆ ಖಾಲಿ ಇರುವಲ್ಲಿ ಒಂಟಿ ಮರಿಗೆ ಕಷ್ಟ. ಜೊತೆಗಾರ ಇದ್ದರೆ ಎಷ್ಟು ಗಟ್ಟಿ ಕಚ್ಚಿದರೆ ನೋವಾಗುತ್ತದೆ ಅನ್ನೋದನ್ನು ಅವು ಒಂದರಿಂದ ಒಂದು ಕಲಿಯುತ್ತವೆ.

ಕಪ್ಪು ಬೆಕ್ಕುಗಳ ಪರವಾಗಿಯೂ ಒಂದು ಮಾತು. ಬೆಕ್ಕು ಅಡ್ಡ ಬಂದರೆ ನಿಂತು, ಒಂದು ಲೋಟ ನೀರು ಕುಡಿದು ಹೋಗುವ ಮನೆಗಳಲ್ಲಿ ಕಪ್ಪು ಬೆಕ್ಕನ್ನು ಒಳಗೆ ಕರೆಯುವುದು ಅಷ್ಟು ಸುಲಭವಲ್ಲ. ಫೋಟೋದಲ್ಲೂ ಅವುಗಳ ಮುಖ ಸರಿಯಾಗಿ ಬೀಳುವುದಿಲ್ಲ. ಕೆಫೆಯಲ್ಲಿ ಎದುರಿಗೇ ಕೂತು ನೋಡಿದಾಗ ಮಾತ್ರ ಅದೆಷ್ಟು ಚೆಂದ ಅಂತ ಗೊತ್ತಾಗುತ್ತದೆ. ಮೂರು ಬಣ್ಣದ ಬೆಕ್ಕು ಬಹುತೇಕ ಯಾವಾಗಲೂ ಹೆಣ್ಣೇ. ಕೆಂಪು ಮತ್ತು ಕಪ್ಪು ಎರಡೂ ಬಣ್ಣ ಒಟ್ಟಿಗೆ ಬರಲು ಎರಡು ಎಕ್ಸ್ ಕ್ರೋಮೋಸೋಮ್ ಬೇಕು, ಅದಕ್ಕೆ.

ಮನೆಯ ವಿಷಯಕ್ಕೆ ಬರೋಣ. ದತ್ತು ಅರ್ಜಿ ತುಂಬುವಾಗ ಬಹಳ ಪ್ರಶ್ನೆ ಕೇಳುತ್ತಾರೆ. ಬಾಡಿಗೆ ಮನೆಯೇ? ಓನರ್ ಒಪ್ಪಿದ್ದಾರಾ? ಬಾಲ್ಕನಿಗೆ ಬಲೆ ಇದೆಯಾ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಕೆಲವರಿಗೆ ಇದು ಕಿರಿಕಿರಿ. ಮನೆ ನೋಡಲು ಬರುತ್ತೇವೆ ಅಂದರೆ ಇನ್ನೂ ಬೇಜಾರು. ಆದರೆ ಆ ಬೆಕ್ಕನ್ನು ಚರಂಡಿಯಿಂದ ಎತ್ತಿ, ಡ್ರಾಪರ್‌ನಲ್ಲಿ ಹಾಲು ಕುಡಿಸಿ ಬೆಳೆಸಿದವರು ಕೇಳುವ ಪ್ರಶ್ನೆ ಅದು. ಉತ್ತರಿಸುವುದು ನ್ಯಾಯ.

ಬಲೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಎಂಬ ನಂಬಿಕೆ ಇದೆ. ಗಾಳಿಯಲ್ಲಿ ಮೈ ತಿರುಗಿಸಿಕೊಳ್ಳುವುದು ನಿಜ. ಆದರೆ ಎದೆ, ದವಡೆ, ಕಾಲಿನ ಮೂಳೆ ಉಳಿಯುವುದಿಲ್ಲ. ಮಹಡಿಯಿಂದ ಬಿದ್ದ ಬೆಕ್ಕುಗಳ ಗಾಯಗಳಿಗೆ ಪಶುವೈದ್ಯರು 1976ರಲ್ಲೇ ಒಂದು ಹೆಸರು ಕೊಟ್ಟಿದ್ದಾರೆ, ಹೈ-ರೈಸ್ ಸಿಂಡ್ರೋಮ್ ಅಂತ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಪಾರಿವಾಳಕ್ಕೆ ಕಟ್ಟುವ ನೈಲಾನ್ ಬಲೆ ಹೆಚ್ಚಾಗಿ ಇದ್ದೇ ಇರುತ್ತದೆ. ಅದನ್ನು ಬೆಕ್ಕು ಕಡಿಯಬಲ್ಲದು. ಅಂಚುಗಳನ್ನು ಎಳೆದು ನೋಡಿ. ಸಾಧ್ಯವಾದರೆ ಲೋಹದ ಜಾಲರಿ ಹಾಕಿಸಿ. ಸೊಳ್ಳೆ ಪರದೆಯ ಜಾಲರಿ ಬೆಕ್ಕಿನ ಭಾರ ತಡೆಯುವುದಿಲ್ಲ.

ಬಾಡಿಗೆ ಮನೆಯವರಿಗೆ ಒಂದು ಮಾತು. ನಿವಾಸಿಗಳ ಸಂಘ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಓನರ್ ಜೊತೆ ನೀವು ಮಾಡಿಕೊಂಡ ಕರಾರು ಬೇರೆ ವಿಷಯ. ಅಲ್ಲಿ ಏನು ಬರೆದಿದೆ ನೋಡಿ, ಬಾಯಿಮಾತಿನ ಒಪ್ಪಿಗೆಯನ್ನೂ ಒಂದು ಮೆಸೇಜಿನಲ್ಲಿ ಪಡೆದಿಟ್ಟುಕೊಳ್ಳಿ. ಮನೆ ಬದಲಾಯಿಸುವಾಗ ಬೆಕ್ಕನ್ನು ಬಿಟ್ಟುಹೋಗುವುದು ಈ ಊರಲ್ಲಿ ಆಗಾಗ ಆಗುವ ದುಃಖದ ಸಂಗತಿ.

ಸಸ್ಯಾಹಾರಿ ಮನೆಗಳವರು ಕೇಳುವ ಪ್ರಶ್ನೆಯೂ ಸಹಜವೇ. ಮೊಸರನ್ನ ಹಾಕಿ ಸಾಕಬಹುದಾ? ಆಗುವುದಿಲ್ಲ. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕೇ ಬೇಕು. ಅದು ಸಿಗುವುದು ಮಾಂಸ, ಮೀನಿನಲ್ಲಿ. ಬೆಕ್ಕಿನ ದೇಹ ಅದನ್ನು ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲಾರದು. ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ದುರ್ಬಲವಾಗುತ್ತದೆ. ಈ ಹೃದಯದ ಕಾಯಿಲೆಗೂ ಟಾರಿನ್‌ಗೂ ಇರುವ ನಂಟು 1987ರಲ್ಲಿ ಗೊತ್ತಾಯಿತು. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟಾರಿನ್ ಹೆಚ್ಚಿಸಿದವು. ಹಾಗಾಗಿ ಅಡುಗೆಮನೆಯಲ್ಲಿ ಮಾಂಸ ಬೇಯಿಸಬೇಕಾಗಿಲ್ಲ. ಬೆಕ್ಕಿಗಂತಲೇ ಬರುವ ಒಣ ಆಹಾರ, ಪೌಚ್ ತಂದು ಬಾಲ್ಕನಿಯ ಮೂಲೆಯಲ್ಲಿ ಬೇರೆ ತಟ್ಟೆ ಇಟ್ಟು ಸಾಕುವ ಮನೆಗಳು ಮಲ್ಲೇಶ್ವರ, ಬಸವನಗುಡಿ ಕಡೆ ಬೇಕಾದಷ್ಟಿವೆ. ಅದೂ ಮನಸ್ಸಿಗೆ ಒಪ್ಪದಿದ್ದರೆ ಬೆಕ್ಕು ಬೇಡ. ಹಾಲಿನ ವಿಷಯ? ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿದ್ದು ನಮಗೆಲ್ಲ ಗೊತ್ತು. ನಿಜವಾಗಿಯೂ ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಸುವಿನ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ನೀರು ಸಾಕು.

ಮನೆಯಲ್ಲಿ ಬೆಕ್ಕಿಗೆ ಸಿಗದಂತೆ ದೂರ ಇಡಬೇಕಾದ ವಸ್ತುಗಳಲ್ಲಿ ಫಿನಾಯಿಲ್ ಮೊದಲನೆಯದು. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದರಲ್ಲಿರುವ ಫೀನಾಲ್‌ಗಳನ್ನು ಒಡೆದು ಹೊರಹಾಕುವ ಶಕ್ತಿ ತುಂಬಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಪಾದ ನೆಕ್ಕಿಕೊಂಡರೆ ವಿಷ ಒಳಗೆ ಹೋಗುತ್ತದೆ. ಇದೇ ಕಾರಣಕ್ಕೆ ಪ್ಯಾರಾಸಿಟಮಾಲ್‌ನ ಒಂದು ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಜ್ವರ ಬಂದಿದೆ ಅಂತ ನಾವು ನುಂಗುವುದನ್ನು ಅದಕ್ಕೆ ಕೊಡಲೇಬಾರದು. ಲಿಲ್ಲಿ ಹೂವು ಮೂತ್ರಪಿಂಡವನ್ನೇ ಕೆಡಿಸುತ್ತದೆ, ಹೂದಾನಿಯ ನೀರು ಸೇರಿದಂತೆ. ಈರುಳ್ಳಿ, ಬೆಳ್ಳುಳ್ಳಿ ಇರುವ ಒಗ್ಗರಣೆ ಅನ್ನವೂ ಬೇಡ. ತುರ್ತಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹತ್ತಿರದ ಖಾಸಗಿ ಕ್ಲಿನಿಕ್ ಯಾವುದು ಅಂತ ಬೆಕ್ಕು ಬರುವ ಮೊದಲೇ ನೋಡಿಟ್ಟುಕೊಳ್ಳಿ.

ಗರ್ಭಿಣಿಯರಿರುವ ಮನೆಗಳಲ್ಲಿ ಬೆಕ್ಕನ್ನು ಹೊರಹಾಕುವುದು ಬೇಕಾಗಿಲ್ಲ. ಗರ್ಭದ ಮಗುವಿಗೆ ತೊಂದರೆ ಮಾಡಬಲ್ಲ ಟೊಕ್ಸೊಪ್ಲಾಸ್ಮಾ ಪರಾವಲಂಬಿ ಬೆಕ್ಕಿನ ಮಲದಲ್ಲಿ ಬಂದರೂ ಸೋಂಕು ತಗಲಿಸುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ದಿನಾ ಲಿಟರ್ ಟ್ರೇ ತೆಗೆದರೆ, ಆ ಕೆಲಸ ಮನೆಯ ಬೇರೆಯವರು ಮಾಡಿದರೆ ಅಪಾಯ ತೀರಾ ಕಡಿಮೆ. ಅಲರ್ಜಿ ಇರುವವರಿಗೆ ಕೆಫೆಯೇ ಒಂದು ಪರೀಕ್ಷೆ. ಅಲರ್ಜಿಗೆ ಮುಖ್ಯ ಕಾರಣ ಬೆಕ್ಕಿನ ಜೊಲ್ಲು, ಚರ್ಮದಲ್ಲಿರುವ ಫೆಲ್ ಡಿ 1 ಎಂಬ ಪ್ರೋಟೀನು, ಕೂದಲು ಅದನ್ನು ಹೊತ್ತು ತಿರುಗುತ್ತದೆ. ಒಂದು ಗಂಟೆ ಕೂತು ಬಂದು ರಾತ್ರಿ ಹೇಗಾಗುತ್ತದೆ ನೋಡಿ. ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ, ಬೆಕ್ಕಿಗೆ ಲಸಿಕೆ ಆಗಿದ್ದರೂ ಸರಿಯೇ.

ಇಷ್ಟವಾದ ಬೆಕ್ಕು ಸಿಕ್ಕಿತು ಅಂದುಕೊಳ್ಳಿ. ಆವತ್ತೇ ತರಬೇಡಿ. ಇನ್ನೊಮ್ಮೆ ಹೋಗಿ, ಬೇರೆ ಹೊತ್ತಿನಲ್ಲಿ, ಸಾಧ್ಯವಾದರೆ ವಾರದ ನಡುವೆ, ಮನೆಯವರನ್ನೆಲ್ಲ ಕರೆದುಕೊಂಡು. ತಂದ ಮೇಲೆ ಮೊದಲು ಒಂದೇ ಕೋಣೆ ಕೊಡಿ. ಅದರಲ್ಲಿ ನೀರು, ಊಟ, ದೂರದ ಮೂಲೆಯಲ್ಲಿ ಲಿಟರ್ ಟ್ರೇ, ಬಚ್ಚಿಟ್ಟುಕೊಳ್ಳಲು ಒಂದು ರಟ್ಟಿನ ಡಬ್ಬ. ಕೆಫೆಯಲ್ಲಿ ಬಳಸುತ್ತಿದ್ದ ಲಿಟರ್, ಆಹಾರವನ್ನೇ ಕೆಲವು ವಾರ ಮುಂದುವರಿಸಿ. ಅದು ಮಲಗುತ್ತಿದ್ದ ಬಟ್ಟೆಯ ತುಂಡೊಂದನ್ನು ಕೇಳಿ ತನ್ನಿ, ಪರಿಚಯದ ವಾಸನೆ ಇರಲಿ. ಕೆಫೆಯಲ್ಲಿ ಎಲ್ಲರ ಹತ್ತಿರ ಬರುತ್ತಿದ್ದ ಬೆಕ್ಕೂ ಮನೆಗೆ ಬಂದು ಮಂಚದ ಕೆಳಗೆ ಸೇರಬಹುದು. ಬೆಕ್ಕು ಸಾಕುವವರ ನಡುವೆ ಒಂದು ಲೆಕ್ಕ ಇದೆ: ಮೂರು ದಿನ ಭಯ, ಮೂರು ವಾರ ಪರಿಚಯ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನುವ ಭಾವ. ಕೈ ಹಾಕಿ ಎಳೆಯಬೇಡಿ. ಅದೇ ಕೋಣೆಯಲ್ಲಿ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ, ಮೆಲ್ಲಗೆ ಮಾತಾಡಿ. ಒಂದು ದಿನಕ್ಕಿಂತ ಹೆಚ್ಚು ಹೊತ್ತು ಏನೂ ತಿನ್ನದಿದ್ದರೆ ಮಾತ್ರ ಡಾಕ್ಟರಿಗೆ ಫೋನ್ ಮಾಡಿ. ಬೆಕ್ಕು ಉಪವಾಸ ಇದ್ದರೆ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿಕೊಳ್ಳುವ ಅಪಾಯ ಇದೆ.

ಎಲ್ಲ ಮಾಡಿಯೂ ಹೊಂದಿಕೆಯಾಗಲಿಲ್ಲ ಅನ್ನೋದೂ ಆಗುತ್ತದೆ. ಮಗುವಿಗೆ ಉಬ್ಬಸ ಶುರುವಾಯಿತು, ಮನೆಯ ಹಳೆಯ ಬೆಕ್ಕು ಊಟ ಬಿಟ್ಟಿತು. ಆಗ ಕೆಫೆಗೇ ಹೇಳಿ. ದತ್ತು ಕರಾರಿನಲ್ಲಿ ಬೆಕ್ಕನ್ನು ನಮಗೇ ವಾಪಸ್ ಕೊಡಿ ಅಂತ ಸಾಮಾನ್ಯವಾಗಿ ಬರೆದೇ ಇರುತ್ತಾರೆ. ಬರೆಯದಿದ್ದರೆ ಸಹಿ ಹಾಕುವ ಮೊದಲೇ ಕೇಳಿ ಬರೆಸಿಕೊಳ್ಳಿ. ಹತ್ತಿರದಲ್ಲಿ ಇಂಥ ಕೆಫೆ ಇಲ್ಲದವರು 1991ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳನ್ನು ಕೇಳಬಹುದು. ಬೀದಿಯ ಬೆಕ್ಕುಗಳಿಗೆ ಊಟ ಹಾಕುವವರು ನಿಮ್ಮ ಏರಿಯಾದಲ್ಲೇ ಯಾರಾದರೂ ಇದ್ದೇ ಇರುತ್ತಾರೆ. ಅವರಿಗೆ ಫೋನ್ ಮಾಡಿ 'ಎರಡು ವರ್ಷದ್ದು, ಸಾಧು ಸ್ವಭಾವದ್ದು ಇದೆಯಾ' ಅಂತ ಕೇಳಿ ನೋಡಿ.